ಬಿಳಿಯ ಇಳಿಜಾರಿನ ಮುಂದೆ

ಚಳಿಗಾಲದಲ್ಲಿ ಹಿಮಾಲಯ ಚಾರಣಕ್ಕೆ ಹೊರಟಿರುವ ನೆರೆಮನೆಯ ತರುಣನೊಬ್ಬ ಮೊನ್ನೆ ನಮ್ಮ ಜಗಲಿಯಲ್ಲಿ ಕುಳಿತು, "ಹಿಮವೆಂದರೆ ಹತ್ತಿಯ ಹಾಗಲ್ಲವೇ ಮಾಸ್ಟ್ರೇ, ಮೈಮೇಲೆ ಬಿದ್ದರೇನು?" ಎಂದು ನಕ್ಕನು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಕೊಚ್ಚಿಹಾಕಿದ ಗುಡ್ಡವನ್ನು ಬಲ್ಲ ನಾವು ಹಾಗೆ ನಗಲಾರೆವು.

ಹಿಮವು ಪದರಪದರವಾಗಿ ಕೂಡುತ್ತದೆ. ಅಡಿಯ ಪದರ ಸಕ್ಕರೆಯ ಹರಳಿನಂತೆ ಸಡಿಲವಾಗಿದ್ದು, ಅದರ ಮೇಲೆ ಗಾಳಿಯು ಹೊಸ ಹಿಮವನ್ನು ಗಟ್ಟಿಯಾದ ಹಾಸಿನಂತೆ ಹೇರಿದರೆ, ಅದು ಕಳಚಲು ಒಬ್ಬನ ಹೆಜ್ಜೆಯ ಭಾರವೇ ಸಾಕು. ಇಂಥ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಸಂಭವಿಸುತ್ತವೆ. ಜಾರಿ ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ. ಹೂತವನು ಬೆರಳನ್ನೂ ಅಲುಗಿಸಲಾರ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಯೋಧರಲ್ಲಿ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ದೊರೆತುದು ನಮಗೆಲ್ಲ ನೆನಪಿದೆ. ಫೆಬ್ರವರಿ 11ರಂದು ಅವರೂ ಅಗಲಿದರು. ಅದು ಅಪವಾದ, ನಿಯಮವಲ್ಲ. ಸಾಮಾನ್ಯವಾಗಿ ಮೊದಲ ಕಾಲು ಗಂಟೆಯೊಳಗೆ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ಮೀರಿದರೆ ಆ ಆಸೆ ಬೇಗನೆ ಕುಂದುತ್ತದೆ. ಅಂದರೆ ಕಾಪಾಡಬೇಕಾದವರು ಹೆಲಿಕಾಪ್ಟರಿನವರಲ್ಲ, ಪಕ್ಕದಲ್ಲಿ ನಡೆಯುವ ಸಂಗಾತಿಗಳೇ. ಅನುಭವವೊಂದೇ ರಕ್ಷೆಯಲ್ಲ: 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾದಲ್ಲಿ ಮಡಿದವರಲ್ಲಿ ಅದೇ ವರ್ಷ ಎವರೆಸ್ಟ್ ಏರಿದ್ದ ತರಬೇತುದಾರ್ತಿ ಸವಿತಾ ಕಂಸ್ವಾಲ್ ಸಹ ಇದ್ದರು.

ಆದ್ದರಿಂದ ಆ ತರುಣನಿಗೆ ನಾನು ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟೆ. ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ನಿಮ್ಮ ಮಾರ್ಗದರ್ಶಿ ದಿನವೂ ನೋಡುವನೇ? ಐದು ಹಂತಗಳಲ್ಲಿ ಮೂರನೆಯದು ನಡುವಿನದೆಂದು ನಿರಾಳವಾಗುವನೇ? ಅಲ್ಲಿಯೇ ಅನೇಕರು ಮೋಸಹೋಗುವುದು. ಪ್ರತಿಯೊಬ್ಬನ ಬಳಿ ಸಂಕೇತಯಂತ್ರ, ಶೋಧಕೋಲು, ಸಲಿಕೆಗಳಿವೆಯೇ, ಅವುಗಳನ್ನು ಬಳಸಲು ಬರುವುದೇ? ನಿನ್ನೆ ಹೊಸ ಹಿಮ ಸುರಿದಿದೆಯೇ, ಗಾಳಿ ಬೀಸಿದೆಯೇ? ಕಾಲಡಿಯಲ್ಲಿ ಹಿಮ ಗುಮ್ಮೆಂದು ಕುಸಿದರೆ, ಬಿರುಕು ಓಡಿದರೆ, ಹಿಂದಿರುಗುವಿರಾ?

ಕೊನೆಯ ಪ್ರಶ್ನೆಗೆ ಅವನು ತಡೆದು, "ಹಣ ಕಟ್ಟಿಯಾಗಿದೆಯಲ್ಲ" ಎಂದನು. ಕಟ್ಟಿದ ಹಣ, ಕೊಟ್ಟ ರಜೆ, ಕಣ್ಣೆದುರಿನ ಶಿಖರ: ಇವೇ ಜನರನ್ನು ಆ ಇಳಿಜಾರಿಗೆ ತಳ್ಳುವುದು. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅವನ ತಾಯಿ ಬೇಲಿಯ ಆಚೆಯಿಂದ ಎಲ್ಲವನ್ನೂ ಕೇಳುತ್ತ ನಿಂತಿದ್ದರು. ಚೀಟಿಯನ್ನು ಮಡಿಸಿ ಕಿಸೆಗಿಟ್ಟುಕೊಂಡ ಅವನು ಈ ಬಾರಿ ನಗಲಿಲ್ಲ.