ನಾಲ್ಕು ಅಂಕದ ಕವಿತೆ

ಪ್ರೌಢಶಾಲೆಯ ಇಂಗ್ಲಿಷ್ ಪಾಠದಲ್ಲಿ ಕತೆ, ಕವಿತೆ ಏಕಿರಬೇಕು ಎಂದು ಕೇಳುವವರು ನಮ್ಮ ಭಾಗದಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಇವರು ಅಕ್ಷರ ಬಾರದವರಲ್ಲ. ಬಿ.ಇಡಿ. ಮುಗಿಸಿ ನಾಳೆ ಇಂಗ್ಲಿಷ್ ಶಿಕ್ಷಕರಾಗುವವರೇ ಹೀಗೆ ಕೇಳುತ್ತಾರೆ. ಬೋಧನಾಭ್ಯಾಸಕ್ಕೆಂದು ಶಾಲೆಗೆ ಬರುವ ಈ ಹುಡುಗ ಹುಡುಗಿಯರನ್ನು ನಾನು ಬೀದರಿನಲ್ಲೂ ಭಾಲ್ಕಿಯಲ್ಲೂ ಔರಾದಿನಲ್ಲೂ ಕಂಡಿದ್ದೇನೆ. ಬಣ್ಣದ ಚಾರ್ಟು, ಮಿಂಚುಪಟ್ಟಿ, ಅಚ್ಚುಕಟ್ಟಾದ ಪಾಠಯೋಜನೆ ಎಲ್ಲವೂ ಅವರ ಕೈಯಲ್ಲಿರುತ್ತವೆ. ಆದರೆ “ಈ ಪದ್ಯ ನಿಮಗೆ ಹಿಡಿಸಿತೇನು?” ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಒಬ್ಬಳು ಧೈರ್ಯ ಮಾಡಿ ಹೇಳಿದಳು: “ಮೇಡಂ, ನಮ್ಮ ಹಳ್ಳಿ ಹುಡುಗುರಿಗಿ ಲಿಟರೇಚರ್ ಯಾಕ್ರಿ? ಅರ್ಜಿ ಬರೀಲಾಕ, ನಾಕು ಮಾತು ಆಡ್ಲಾಕ ಬಂದ್ರ ಸಾಕಲ್ರಿ.”

ನನ್ನ ತಕರಾರಿರುವುದು ಈ ‘ಸಾಕು’ ಎಂಬ ಮಾತಿನ ಮೇಲೆ. ಯಾರಿಗೆ ಸಾಕು? ಬೆಂಗಳೂರಿನ ದೊಡ್ಡ ಶಾಲೆಯ ಮಗುವಿಗೆ ಅರ್ಜಿ ಬರೆಯಲು ಬಂದರೆ ಸಾಕೆಂದು ಯಾವ ತಂದೆತಾಯಿಯೂ ಹೇಳುವುದಿಲ್ಲ. ಆ ಮಗು ಕತೆ ಓದಬೇಕು, ನಾಟಕ ಆಡಬೇಕು. ಔರಾದಿನ ತಾಂಡಾದಿಂದ ನಡೆದು ಬರುವ ಮಗು ಮಾತ್ರ ರಜೆಯ ಅರ್ಜಿ ಬರೆಯುವುದನ್ನು ಕಲಿತು ತೃಪ್ತಿಪಡಬೇಕು. ಅರ್ಜಿ ಕೊಡುವವರು ಬೇರೆ, ಅರ್ಜಿ ತೆಗೆದುಕೊಳ್ಳುವವರು ಬೇರೆ ಎಂದು ಹತ್ತನೆಯ ತರಗತಿಯಲ್ಲೇ ಗೆರೆ ಎಳೆದುಬಿಡುವುದನ್ನು ‘ಉಪಯುಕ್ತ ಇಂಗ್ಲಿಷ್’ ಎಂದು ಕರೆಯುತ್ತಾರೆ!

ಒಂದು ಉದಾಹರಣೆ ಕೊಡುತ್ತೇನೆ. 2010ರ ದಶಕದಲ್ಲಿ ಬಂದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಿಂದ ಆಯ್ದ, ಕರುಣೆಯನ್ನು ಕುರಿತ ಮಾತು ಪದ್ಯವಾಗಿ ಸೇರಿತು. ಪರೀಕ್ಷೆಯ ದೃಷ್ಟಿಯಲ್ಲಿ ಅದು ಬಾಯಿಪಾಠದ ಪದ್ಯ, ನಾಲ್ಕು ಅಂಕ. ‘ಪಾಸಿಂಗ್ ಪ್ಯಾಕೇಜ್’ ಎಂದು ಕರೆಯುವ ಝೆರಾಕ್ಸ್ ಹಾಳೆಗಳಲ್ಲಿ ಅದಕ್ಕೆ ಖಾಯಂ ಜಾಗ. ಕಾಗುಣಿತ ತಪ್ಪದಂತೆ ಹತ್ತು ಸಲ ಬರೆಸಿ, ಹದಿನೈದನೆಯ ಸಲ ತಪ್ಪಿದವರನ್ನು ನಿಲ್ಲಿಸಿ, ಮಾರ್ಚ್ ತಿಂಗಳಿಗೆ ಮಗುವನ್ನು ತಯಾರು ಮಾಡುತ್ತಾರೆ. ಆ ಮಾತನ್ನು ಯಾರು, ಯಾರಿಗೆ, ಏಕೆ ಹೇಳಿದರೆಂದು ಕೇಳಿ ನೋಡಿ. ಉತ್ತರ ಬಾರದು.

ಅದರ ಹಿಂದಿರುವುದಾದರೂ ಏನು? ಒಂದು ಸಾಲದ ಪತ್ರ! ಗೆಳೆಯನಿಗಾಗಿ ಆಂಟೋನಿಯೊ ಮೂರು ಸಾವಿರ ಡಕೆಟ್ ಸಾಲ ತೆಗೆಯುತ್ತಾನೆ. ಗಡುವು ಮೂರು ತಿಂಗಳು. ತೀರಿಸದಿದ್ದರೆ ಮೈಯಿಂದ ಒಂದು ಪೌಂಡು ಮಾಂಸ. ಹಡಗು ಬರಲಿಲ್ಲ, ಗಡುವು ಮೀರಿತು. ವಕೀಲನ ವೇಷದ ಪೋರ್ಷಿಯಾ ಸಾಲ ಕೊಟ್ಟ ಶೈಲಾಕನನ್ನು ಕುರಿತು ಆ ಮಾತು ಆಡುತ್ತಾಳೆ. ಉದ್ದು ಹೆಸರು ಕೈಕೊಟ್ಟ ವರ್ಷ ಅಪ್ಪ ಯಾರ ಮನೆಯ ಕಟ್ಟೆಯ ಮೇಲೆ ಕುಳಿತು ಹೆಬ್ಬೆಟ್ಟು ಒತ್ತಿದನೆಂದು ಬಲ್ಲ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದ ಕಷ್ಟವೇ ಇಲ್ಲ. ನಾನು ಒಂದು ಪೀರಿಯಡ್ ಪೂರ್ತಿ ನಾಟಕದ ಕತೆಯನ್ನು ಕನ್ನಡದಲ್ಲೇ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ: “ಟೀಚರ್, ರೊಕ್ಕ ಕೊಡ್ತೀನಂದ್ರೂ ಅಂವ ಮಾಂಸಾನೇ ಬೇಕಂದ ಅಂದ್ರ ಅದು ಸಾಲ ಅಲ್ರಿ, ಹಗಿ ಅದ.” ಅವನ ಪಕ್ಕದವಳು ಬಿಡಲಿಲ್ಲ. ಆಂಟೋನಿಯೊ ಮೊದಲು ಶೈಲಾಕನ ಮೇಲೆ ಉಗುಳಿದ್ದನಲ್ಲ, ಅದಕ್ಕೇನು ಎಂದಳು. ಕೊನೆಗೆ ಶೈಲಾಕನ ಧರ್ಮವನ್ನೇ ಬಿಡಿಸುತ್ತಾರೆ ಎಂದಾಗ ಇಡೀ ತರಗತಿ ಎರಡು ಪಾಳಿಯಾಯಿತು. ಕರುಣೆಯ ಉಪದೇಶ ಕೊಟ್ಟವರು ಅವನಿಗೆ ತೋರಿಸಿದ ಕರುಣೆ ಎಷ್ಟು? ಈ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ, ಹತ್ತನೆಯ ತರಗತಿಯ ಮಕ್ಕಳಲ್ಲಿತ್ತು. ಆಮೇಲೆ ಇಂಗ್ಲಿಷ್ ಸಾಲುಗಳಿಗೆ ಬಂದೆವು. ಬಾಯಿಪಾಠ ಮಾಡಿಸುವ ಕೆಲಸ ನನಗೆ ಉಳಿಯಲೇ ಇಲ್ಲ.

‘ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಬಾರದು’ ಎನ್ನುವ ಪಂಡಿತರು ಇಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ 1920ರ ದಶಕದಲ್ಲಿ ಆ ಕವಿತೆಗಳನ್ನು ಕನ್ನಡಕ್ಕೆ ತಂದವರು. ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಅವರ ಇಂಗ್ಲಿಷ್ ಕವಿತೆಯೂ ಅದೇ ಹತ್ತನೆಯ ತರಗತಿಯ ಪುಸ್ತಕದಲ್ಲಿ ಬಂದಿತ್ತು. ಅಲ್ಲಿ ಕವಿ ಹಿಮಶಿಖರ, ಗುಡಿಗಳನ್ನು ಹಾಡಲು ಹೊರಟರೆ ಭಾರತಮಾತೆಯೇ ಭಿಕ್ಷುಕರನ್ನೂ ಕೊಳಕನ್ನೂ ಏಕೆ ಹಾಡುವುದಿಲ್ಲವೆಂದು ಕೇಳುತ್ತಾಳೆ. ಅದನ್ನೂ ‘ಕವಿ ದೇಶಭಕ್ತಿಯನ್ನು ವ್ಯಕ್ತಪಡಿಸಿದ್ದಾನೆ’ ಎಂಬ ಒಂದು ವಾಕ್ಯದ ಸಾರಾಂಶ ಮಾಡಿ ಮುಗಿಸಿದವರು ನಮ್ಮವರೇ.

ನಮ್ಮ ಜಿಲ್ಲೆಗೆ ಇನ್ನೂ ಒಂದು ನೆನಪಿದೆ. ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈಗ ಬೀದರಿನ ಓಣಿ ಓಣಿಗೂ ಇಂಗ್ಲಿಷ್ ಫಲಕ. ಒಳಗೆ ಹೋಗಿ ನೋಡಿದರೆ ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ಗೈಡು ಒಂದೇ. ಔರಾದಿನ ಮಗು ಮನೆಯಲ್ಲಿ ಮರಾಠಿ ಅಥವಾ ಲಂಬಾಣಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ ಆಡುತ್ತದೆ. ನಾಲ್ಕನೆಯ ಭಾಷೆ ಅದಕ್ಕೆ ಭಾರವಲ್ಲ. ಅರ್ಥವಿಲ್ಲದ್ದನ್ನು ಹೊರುವುದು ಭಾರ.

ತಪ್ಪೆಲ್ಲ ಶಿಕ್ಷಕರದೆಂದು ನಾನು ಹೇಳುವುದಿಲ್ಲ. ಜೂನ್ ದಾಟಿದರೂ ಅತಿಥಿ ಶಿಕ್ಷಕರು ಬಾರದ ಶಾಲೆಗಳಿವೆ. ಗಣಿತದವರು, ಸಮಾಜ ವಿಜ್ಞಾನದವರು ಇಂಗ್ಲಿಷ್ ನೋಡಿಕೊಳ್ಳುವುದೂ ಉಂಟು. ಫಲಿತಾಂಶ ಕುಸಿದರೆ ನೋಟಿಸು ಬರುತ್ತದೆ, ಕವಿತೆ ಸತ್ತರೆ ಬರುವುದಿಲ್ಲ. ಆದರೆ ಬಿ.ಇಡಿ. ಓದುವ ಅಷ್ಟು ದಿನಗಳಲ್ಲಿ ಇಂಗ್ಲಿಷಿನ ಒಂದು ಪೂರ್ತಿ ಕಾದಂಬರಿ ಓದದೆ ಹೊರಬರುವುದಕ್ಕೆ ಯಾವ ನೋಟಿಸೂ ಕಾರಣವಲ್ಲ. ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಷ್ಟು ಹಳೆಯದು, ತೆಳ್ಳನೆಯ ಪುಸ್ತಕ, ಭಾಷೆ ಸರಳ. ಅಪ್ಪನ ಹಟಕ್ಕೆ ಕತ್ತಲ ಕೋಣೆಯಲ್ಲಿ ಒಬ್ಬನೇ ಮಲಗಿ ಕಳ್ಳನ ಕಾಲು ಕಚ್ಚುವ ಸ್ವಾಮಿಯ ಪಾಠ ಮಾಡುವವರು ಆ ಸ್ವಾಮಿಯನ್ನು ಪಾಠದ ಹೊರಗೆ ಒಮ್ಮೆಯಾದರೂ ಭೇಟಿಯಾಗಬಾರದೆ? ಶಾಲೆಯ ಕಪಾಟಿನಲ್ಲಿ ಪುಸ್ತಕಗಳಿವೆ. ಬೀಗದ ಕೈ ಎಲ್ಲಿದೆಯೆಂದು ಕೇಳಿದ ಪ್ರಶಿಕ್ಷಣಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ.

ಆದ್ದರಿಂದ ನಾಳೆ ಬರುವ ಶಿಕ್ಷಕರೇ, ಪದ್ಯವನ್ನು ಮೊದಲು ಪೂರ್ತಿ ಗಟ್ಟಿಯಾಗಿ ಓದಿ. ನಡುವೆ ಅರ್ಥ ಕೇಳಬೇಡಿ. ಮಕ್ಕಳು ಮರಾಠಿಯಲ್ಲೋ ಉರ್ದುವಿನಲ್ಲೋ ಜಗಳಾಡಿದರೆ ಆಡಲಿ, ಹಲಗೆಯ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಪೀರಿಯಡ್ ಕತೆಗೆ ಹೋಯಿತೆಂದು ಮುಖ್ಯಗುರುಗಳು ಕೇಳಿದರೆ, ಆ ನಾಲ್ಕು ಅಂಕ ಹೇಗೂ ಬರುತ್ತವೆ ಎಂದು ಹೇಳಿ.