ಇಪ್ಪತ್ತೊಂದನೆಯ ಮನೆ

ನಾಯಂಡಹಳ್ಳಿಯಲ್ಲಿ ವೃಷಭಾವತಿಯ ಕಡೆಗೆ ಇಳಿಯುವ ಒಂದು ಬೀದಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿರುವುದು 20 ಮನೆ. ಅಂಚೆಯಣ್ಣನ ಕೈಯಲ್ಲಿ 21ನೆಯ ಮನೆಯ ಕಾಗದವಿದೆ. ಅವನು 'ವಿಳಾಸ ತಪ್ಪು' ಎಂದು ಬರೆದು ಹಿಂದಿರುಗುತ್ತಾನೆ. ಕಂಪ್ಯೂಟರಿಗೆ ಆ ವಿವೇಕವಿಲ್ಲ. ಹೆಜ್ಜೆ ಲೆಕ್ಕ ಹಾಕಿ ನೇರವಾಗಿ ನೀರಿಗೇ ಕಾಲಿಡುತ್ತದೆ!

2024ರ ಜುಲೈ 19ರಂದು ಆದದ್ದು ಇದೇ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಹಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕುಸಿದವು. ಕಾರಣ ವೈರಸ್ ಅಲ್ಲ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಸಣ್ಣ ಕಡತ.

ಕಂಪ್ಯೂಟರಿನ ಮೆಮೊರಿ ಎಂದರೆ ನಂಬರು ಹಾಕಿದ ಸಾಲುಮನೆ. ಸಿ, ಸಿ++ ಭಾಷೆಗಳು 'ಪಾಯಿಂಟರ್' ಎಂಬ ವಿಳಾಸದ ಚೀಟಿ ಹಿಡಿದು ನೇರವಾಗಿ ಯಾವ ಮನೆಗಾದರೂ ಹೋಗಲು ಬಿಡುತ್ತವೆ. ಇದರಿಂದ ವೇಗ ಹೆಚ್ಚು. ಆದರೆ ಎಲ್ಲೆ ಮೀರಿದರೆ ತಡೆಯುವವರಿಲ್ಲ. ಸಾಮಾನ್ಯ ಪ್ರೋಗ್ರಾಂ ನಿಷಿದ್ಧ ವಿಳಾಸಕ್ಕೆ ಕೈಹಾಕಿದರೆ ಆಪರೇಟಿಂಗ್ ಸಿಸ್ಟಂ ಅದೊಂದನ್ನೇ ನಿಲ್ಲಿಸುತ್ತದೆ. ಆದರೆ ಈ ತಂತ್ರಾಂಶ ವಿಂಡೋಸಿನ ಗರ್ಭಗುಡಿಯಾದ ಕರ್ನೆಲ್‌ನಲ್ಲೇ ಕುಳಿತಿತ್ತು. ಅದು ಎಡವಿದಾಗ ಇಡೀ ಯಂತ್ರವೇ ನಿಂತಿತು.

ರೋಗ ಪತ್ತೆಯಾದದ್ದು ಹೇಗೆ? ಕುಸಿಯುವಾಗ ಯಂತ್ರ ಒಂದು 'ಡಂಪ್' ಬರೆದಿಡುತ್ತದೆ: ಯಾವ ಆಜ್ಞೆ ನಡೆಯುತ್ತಿತ್ತು, ಯಾವ ವಿಳಾಸ ಮುಟ್ಟಲು ಹೋಯಿತು ಎಂಬ ಮಹಜರು. ಬಿದ್ದ ಜಾಗವೇ ತಪ್ಪಿನ ಜಾಗವಲ್ಲ. ಆ ವಿಳಾಸ ಎಲ್ಲಿಂದ ಬಂತೆಂದು ಹಿಂದಕ್ಕೆ ಹೆಜ್ಜೆ ಹುಡುಕಬೇಕು. ಹುಡುಕಿದಾಗ ಸಿಕ್ಕಿದ್ದು ಇಷ್ಟೆ: ನಮೂನೆ ಕೇಳಿದ್ದು 21 ಅಂಶ, ಪ್ರೋಗ್ರಾಂ ಒದಗಿಸಿದ್ದು 20. ಅಲ್ಲಿಯವರೆಗಿನ ಪರೀಕ್ಷೆಗಳಲ್ಲಿ 21ನೆಯದಕ್ಕೆ 'ಏನಿದ್ದರೂ ಸರಿ' ಎಂದಿದ್ದರಿಂದ ಆ ಮನೆಯ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಅಂದು ತಟ್ಟಿದರು.

ವಿದ್ಯಾರ್ಥಿಗಳ ತಪ್ಪೂ ಇದೇ ಬಗೆಯದು. 20 ಅಂಕಗಳ ಪಟ್ಟಿಗೆ ಸಿ ಭಾಷೆಯಲ್ಲಿ ನಂಬರು 0ರಿಂದ 19. ಲೂಪನ್ನು 20ರವರೆಗೆ ಓಡಿಸಿದರೆ ಅದು 21ನೆಯ ಮನೆ. ಅದು ಇಂದು ಸುಮ್ಮನಿದ್ದು, ಲ್ಯಾಬ್ ಪರೀಕ್ಷೆಯ ದಿನ ಕೈಕೊಡಬಹುದು. ಆಗ ಪೋಷಕರು ಹೊಸ ಕಂಪ್ಯೂಟರು ಕೊಡಿಸಬೇಕಿಲ್ಲ. ಮಕ್ಕಳು ಡಿಬಗ್ಗರ್ ತೆರೆದು, ಬಿದ್ದ ಸಾಲಿನಿಂದ ಹಿಂದಕ್ಕೆ ಬಂದು, ಪ್ರತಿ ಹೆಜ್ಜೆಯಲ್ಲೂ 'ಈ ನಂಬರಿನ ಮನೆ ಇದೆಯೇ?' ಎಂದು ಕೇಳಿಕೊಂಡರೆ ಸಾಕು.

'ನಿನ್ನೆ ಸರಿಯಾಗಿ ಓಡಿತ್ತು' ಎಂಬುದು ಪ್ರೋಗ್ರಾಂ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.