ಗಿಟಾರ್ ಹಿಡಿದ ಕೈ, ಬೆದರಿಕೆ ಬರೆದ ಕೈ

2012ರಲ್ಲಿ ಶ್ರೀನಗರದ ಮೂವರು ಹುಡುಗಿಯರು ಸೇರಿ ಒಂದು ರಾಕ್ ಸಂಗೀತ ತಂಡವನ್ನು ಕಟ್ಟಿದರು. ಮೂವರೂ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು. ಒಬ್ಬಳು ಹಾಡುತ್ತಾ ಗಿಟಾರ್ ನುಡಿಸುತ್ತಿದ್ದಳು, ಇನ್ನೊಬ್ಬಳು ಡ್ರಮ್ಸ್, ಮತ್ತೊಬ್ಬಳು ಬೇಸ್ ಗಿಟಾರ್. ಜೊತೆಯಾಗಿ ಕಲಿಯುವಾಗ ಬೆಳೆದ ಗೆಳೆತನವೇ ಆ ತಂಡದ ಬಂಡವಾಳ. ತಂಡಕ್ಕೆ ಅವರಿಟ್ಟ ಹೆಸರು 'ಪ್ರಗಾಶ್'. ಕಾಶ್ಮೀರಿ ಭಾಷೆಯಲ್ಲಿ ಬೆಳಕು ಎಂದರ್ಥ. ನಮ್ಮ 'ಪ್ರಕಾಶ'ದ ಸೋದರ ಪದ. ಆ ವರ್ಷದ ಡಿಸೆಂಬರ್‌ನಲ್ಲಿ ಶ್ರೀನಗರದಲ್ಲಿ ನಡೆದ 'ಬ್ಯಾಟಲ್ ಆಫ್ ದಿ ಬ್ಯಾಂಡ್ಸ್' ಸ್ಪರ್ಧೆಯಲ್ಲಿ ಅವರು ಮೊದಲ ಬಾರಿಗೆ ವೇದಿಕೆ ಹತ್ತಿದರು, ಪ್ರಶಸ್ತಿಯನ್ನೂ ಪಡೆದರು. ಅದೇ ಕೊನೆಯ ವೇದಿಕೆಯೂ ಆಯಿತು.

ಮುಂದಿನದನ್ನು ದೇಶವೇ ಕಂಡಿದೆ. ಫೇಸ್‌ಬುಕ್‌ನಲ್ಲಿ ಆ ಮಕ್ಕಳ ಮೇಲೆ ಹೇಸಿಗೆಯ ಮಳೆ ಸುರಿಯಿತು. ಅತ್ಯಾಚಾರದ ಬೆದರಿಕೆಯೂ ಬಂತು. ದಿಲ್ಲಿಯ ಬಸ್ಸಿನಲ್ಲಿ ನಡೆದ ಪೈಶಾಚಿಕ ಕೃತ್ಯಕ್ಕೆ ದೇಶ ಮರುಗುತ್ತಿದ್ದ ದಿನಗಳವು ಎಂಬುದನ್ನು ಮರೆಯಬಾರದು. 2013ರ ಫೆಬ್ರವರಿ ಮೊದಲ ವಾರದಲ್ಲಿ ರಾಜ್ಯದ ಗ್ರಾಂಡ್ ಮುಫ್ತಿ ಬಶೀರುದ್ದೀನ್ ಅಹ್ಮದ್‌ರು, ಹುಡುಗಿಯರ ಈ ಗಾಯನ ಇಸ್ಲಾಮಿಗೆ ವಿರುದ್ಧ, ಅದನ್ನು ತೊರೆಯಬೇಕು ಎಂದು ಹೇಳಿದರು. ಹುಡುಗಿಯರು ತೊರೆದರು. ಬೆಳಕು ಆರಿತು.

ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯನ್ನು ನಾವಿಲ್ಲಿ ಇತ್ಯರ್ಥಗೊಳಿಸಲು ಹೊರಟಿಲ್ಲ. ನಾಲ್ಕೂ ಮದ್ಹಬ್‌ಗಳ ಬಹುಸಂಖ್ಯಾತ ವಿದ್ವಾಂಸರು ವಾದ್ಯಗಳನ್ನು ಒಪ್ಪಿಲ್ಲ. ಅಂದಲೂಸಿಯಾದ ಇಬ್ನು ಹಝ್ಮ್‌ರು ಆ ನಿಷೇಧದ ಆಧಾರಗಳನ್ನೇ ಪ್ರಶ್ನಿಸಿದರು. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಒಂದಿಡೀ ಭಾಗವನ್ನು ಇದಕ್ಕೆ ಮೀಸಲಿಟ್ಟು, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ಬಿಡಿಸಿ ಹೇಳಿದರು. ಹರಾಮ್ ಎಂದು ನಂಬಿದವರಿಗೆ ಹಾಗೆಂದು ಹೇಳುವ ಹಕ್ಕಿದೆ. ಒಳಿತನ್ನು ಬೋಧಿಸುವುದು ಅವರ ಕರ್ತವ್ಯವೂ ಹೌದು. ಆದರೆ ಹದಿಹರೆಯದ ಹುಡುಗಿಯ ಮಾನಭಂಗ ಮಾಡುತ್ತೇವೆಂದು ಬೆದರಿಸಲು ಯಾವ ಮದ್ಹಬ್‌ನಲ್ಲಿ ಅನುಮತಿಯಿದೆ? ಯಾವ ಕಿತಾಬಿನ ಯಾವ ಪುಟದಲ್ಲಿದೆ?

ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ 80 ಛಡಿಯೇಟು ಮತ್ತು ಅವನ ಸಾಕ್ಷ್ಯಕ್ಕೆ ಶಾಶ್ವತ ತಿರಸ್ಕಾರ - ಇದು ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ವಿಧಿಸುವ ಕಾನೂನು. ವಾದ್ಯದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಹೆಣ್ಣಿನ ಮಾನಕ್ಕೆ ಮಸಿ ಬಳಿಯುವುದು ಮಹಾಪಾಪ ಎಂಬ ವಿಷಯದಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಹೀಗಿರುವಾಗ ಭಿನ್ನಾಭಿಪ್ರಾಯವಿರುವ ವಿಷಯದ ಮೇಲೆ ಫತ್ವಾದ ಬಾಣ ಬಿಟ್ಟು, ಒಮ್ಮತವಿರುವ ಪಾಪದೆದುರು ಅಷ್ಟೇ ಖಡಾಖಂಡಿತವಾಗಿ ನಿಲ್ಲದಿರುವುದು ಯಾವ ನ್ಯಾಯ? ಗಿಟಾರ್ ಹಿಡಿದ ಕೈಗಿಂತ ಬೆದರಿಕೆ ಬರೆದ ಕೈ ಸಮುದಾಯಕ್ಕೆ ಹಗುರವಾಗಿ ಕಂಡದ್ದಾದರೂ ಹೇಗೆ?

ಈದ್‌ನ ದಿನ ಹ. ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಹ. ಅಬೂಬಕರ್(ರ) ಗದರಿದಾಗ, ಅವರನ್ನು ಅವರ ಪಾಡಿಗೆ ಬಿಡುವಂತೆ ಪ್ರವಾದಿ(ಸ)ರು ಹೇಳಿದರೆಂದು ಬುಖಾರಿಯಲ್ಲಿದೆ. ಈ ಹದೀಸ್‌ನಿಂದ ರಾಕ್ ಸಂಗೀತವನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಮಕ್ಕಳೊಡನೆ ಮಾತಾಡುವ ಧಾಟಿ ಹೇಗಿರಬೇಕೆಂಬುದನ್ನು ಅದರಿಂದ ಕಲಿಯಬಾರದೇ ಎಂಬುದಷ್ಟೇ ನಮ್ಮ ಪ್ರಶ್ನೆ.

'ಇದು ಕಾಶ್ಮೀರದ ಸಂಸ್ಕೃತಿಗೆ ವಿರುದ್ಧ' ಎಂಬ ಇನ್ನೊಂದು ವಾದವೂ ಕೇಳಿಬಂದಿತ್ತು. 16ನೇ ಶತಮಾನದ ಹಬ್ಬಾ ಖಾತೂನಳ ಹಾಡುಗಳನ್ನು ಇಂದಿಗೂ ಹಾಡುವ ನಾಡು ಅದು. ಮದುವೆ ಮನೆಗಳಲ್ಲಿ ಹೆಂಗಸರು ಸಾಲಾಗಿ ಕೂತು 'ವನ್ವುನ್' ಹಾಡದೆ ಅಲ್ಲಿ ಸಂಭ್ರಮ ಪೂರ್ಣವಾಗದು. ರೇಡಿಯೋ ಕಾಶ್ಮೀರದಲ್ಲಿ ದಶಕಗಳ ಕಾಲ ಹಾಡಿದ ರಾಜ್ ಬೇಗಂರಿಗೆ 2002ರಲ್ಲಿ ಪದ್ಮಶ್ರೀ ಬಂತು. ಅಷ್ಟೇಕೆ, ಪ್ರಗಾಶ್ ಭಾಗವಹಿಸಿದ ಅದೇ ಸ್ಪರ್ಧೆಯಲ್ಲಿ ಉಳಿದ ತಂಡಗಳೆಲ್ಲ ಹುಡುಗರವು. ಅವರೂ ಅದೇ ಗಿಟಾರ್, ಅದೇ ಡ್ರಮ್ಸ್ ನುಡಿಸಿದರು. ಅವರ ತಂಡಗಳನ್ನು ಮುಚ್ಚಿಸಲು ಯಾರೂ ಹೊರಡಲಿಲ್ಲ. ಅಂದರೆ ಸಿಟ್ಟು ಇದ್ದದ್ದು ವಾದ್ಯದ ಮೇಲಲ್ಲ, ಅದನ್ನು ನುಡಿಸಿದವರು ಹೆಣ್ಣುಮಕ್ಕಳೆಂಬುದರ ಮೇಲೆ. ಗಂಡಿಗೊಂದು, ಹೆಣ್ಣಿಗೊಂದು ಹರಾಮ್ ಎಂಬ ಈ ತಕ್ಕಡಿ ಶರೀಅತ್‌ನದ್ದಲ್ಲ, ನಮ್ಮ ಮೊಹಲ್ಲಾಗಳದ್ದು.

ಇನ್ನು ಈ ಹುಡುಗಿಯರ ಪರವಾಗಿ ಗಂಟಲು ಹರಿದುಕೊಂಡವರ ಕಥೆ. ಅಂದಿನ ಮುಖ್ಯಮಂತ್ರಿ ಉಮರ್ ಅಬ್ದುಲ್ಲಾ ಬೆಂಬಲ ಸೂಚಿಸಿದರು, ಪೊಲೀಸರು ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದರು. ಅದು ಸರಿಯಾದ ಕ್ರಮ. ದಿಲ್ಲಿಯ ಟಿ.ವಿ. ಸ್ಟುಡಿಯೋಗಳಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಜಪ ಮೊಳಗಿತು. ಆದರೆ ಅದೇ ವಾರ, ಫೆಬ್ರವರಿ 9ರಂದು, ಅಫ್ಝಲ್ ಗುರುವನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಣಿವೆಯಲ್ಲಿ ಕರ್ಫ್ಯೂ ಬಿತ್ತು, ಹಲವು ದಿನ ಪತ್ರಿಕೆಗಳು ಜನರ ಕೈ ಸೇರಲಿಲ್ಲ. ಮೂವರು ಹುಡುಗಿಯರ ಧ್ವನಿಗಾಗಿ ಕಣ್ಣೀರಿಟ್ಟ ಸ್ಟುಡಿಯೋಗಳಲ್ಲಿ, ಇಡೀ ಕಣಿವೆಯ ಧ್ವನಿ ಅಡಗಿದಾಗ ಆ ಕಾವು ಕಾಣಲಿಲ್ಲ. ಮುಸ್ಲಿಮರನ್ನು ಹೀಗಳೆಯಲು ಒದಗುವಷ್ಟು ಹೊತ್ತು ಮಾತ್ರ ಮುಸ್ಲಿಮ್ ಹೆಣ್ಣಿನ ಸ್ವಾತಂತ್ರ್ಯ ಪ್ರಿಯವಾಗುವುದಾದರೆ, ಅದು ಕಾಳಜಿಯಲ್ಲ, ವ್ಯಾಪಾರ.

ಆದರೆ ಅವರ ಕಪಟ ನಮಗೆ ನೆಪವಾಗಬಾರದು. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಯುವತಿಯರನ್ನು ಅಟ್ಟಾಡಿಸಿ ಹೊಡೆದಾಗ, 2012ರ ಜುಲೈಯಲ್ಲಿ ಪಡೀಲ್‌ನ ಹೋಮ್‌ಸ್ಟೇಗೆ ನುಗ್ಗಿ ಹಲ್ಲೆ ನಡೆಸಿದಾಗ, ಅದನ್ನು ನಾವು ಗೂಂಡಾಗಿರಿ ಎಂದೇ ಕರೆದೆವು. ಮದ್ಯಪಾನವನ್ನು ಸಮರ್ಥಿಸಿ ಹಾಗೆಂದದ್ದಲ್ಲ. ಸಂಸ್ಕೃತಿಯ ಹೆಸರಲ್ಲಿ ಹೆಣ್ಣಿನ ಮೇಲೆ ಕೈ ಎತ್ತುವ ಅಧಿಕಾರವನ್ನು ಯಾರೂ ಯಾರಿಗೂ ಕೊಟ್ಟಿಲ್ಲ ಎಂಬ ಕಾರಣಕ್ಕೆ. ಆ ಮಾತು ಕೇಸರಿ ಶಾಲಿಗೆ ಅನ್ವಯಿಸುವುದಾದರೆ ಹಸಿರು ರುಮಾಲಿಗೂ ಅನ್ವಯಿಸಬೇಕು. ನ್ಯಾಯಕ್ಕೆ ಬಣ್ಣವಿಲ್ಲ. ಸ್ವಂತದವರ ವಿರುದ್ಧವಾದರೂ ನ್ಯಾಯದ ಪಕ್ಷದಲ್ಲಿ ನಿಲ್ಲಬೇಕೆಂಬುದು ಸತ್ಯವಿಶ್ವಾಸಿಗಳಿಗೆ ಕೊಡಲಾದ ಆದೇಶವಲ್ಲವೇ?

ಪ್ರತಿ ಜಮಾಅತ್‌ನಲ್ಲೂ ಹೆಣ್ಣುಮಕ್ಕಳ ಉಡುಪಿನ ಬಗ್ಗೆ, ಮೊಬೈಲ್‌ನ ಬಗ್ಗೆ ಖುತುಬಾಗಳಾಗುತ್ತವೆ. ಮೊಬೈಲ್‌ನಲ್ಲಿ ಪರರ ಮನೆಯ ಹೆಣ್ಣುಮಕ್ಕಳಿಗೆ ಅಶ್ಲೀಲ ಬರೆಯುವ ನಮ್ಮ ಗಂಡುಮಕ್ಕಳ ಬಗ್ಗೆ ಎಷ್ಟು ಖುತುಬಾಗಳಾಗಿವೆ? ಮಗಳ ಕೈಯಲ್ಲಿ ಏನಿದೆಯೆಂದು ದಿನವೂ ಇಣುಕುವ ತಂದೆ, ಮಗನ ಬೆರಳು ಏನನ್ನು ಬರೆಯುತ್ತಿದೆಯೆಂದು ಒಮ್ಮೆಯಾದರೂ ಇಣುಕಿದ್ದಾರೆಯೇ?

ಪ್ರಗಾಶ್ ಮುಚ್ಚಿದ್ದರಿಂದ ದೀನ್‌ಗೆ ಏನು ಲಾಭವಾಯಿತು? ಕಣಿವೆಯಲ್ಲಿ ಗಿಟಾರ್ ನಿಲ್ಲಲಿಲ್ಲ. ಮೂವರು ಗೆಳತಿಯರು ಜೊತೆಗೂಡಿ ಕಟ್ಟಿದ್ದು ಮಾತ್ರ ಮುರಿಯಿತು. ಧರ್ಮದ ಮಾತು ಬೆದರಿಕೆಯ ಬೆನ್ನಲ್ಲೇ ತಮ್ಮ ಮನೆ ಬಾಗಿಲಿಗೆ ಬಂತು ಎಂಬ ಪಾಠ ಆ ಎಳೆಯ ಮನಸ್ಸುಗಳಲ್ಲಿ ಉಳಿಯಿತು. ಆ ಪಾಠವನ್ನು ಅಳಿಸುವ ಫತ್ವಾ ಯಾರ ಬಳಿಯಿದೆ?